ಗೋಲು ಹೊಡೆಯದ ಆಟಗಾರನ ಮೇಲೆ ಇಷ್ಟು ಪ್ರೀತಿ ಏಕೆ?

ಪ್ರಿಯ ಓದುಗರೇ,

ಜಪಾನಿನ ಎಡಬದಿಯ ರಕ್ಷಣಾ ಆಟಗಾರ ಯುಟೊ ನಗತೊಮೊ ಅವರ ಕುರಿತು ನೀವು ಬರೆದ ಪತ್ರ ತಲುಪಿತು. ದೇಶಕ್ಕಾಗಿ 140ಕ್ಕೂ ಹೆಚ್ಚು ಪಂದ್ಯಗಳನ್ನಾಡಿ ಕೇವಲ 4 ಗೋಲು ಗಳಿಸಿದವರನ್ನು ಜನ ಇಷ್ಟೊಂದು ಮೆಚ್ಚುವುದು ಯುರೋಪಿನ ದೊಡ್ಡ ಕ್ಲಬ್ಬಿನ ಹೆಸರಿನಿಂದಲೇ ಇರಬೇಕು ಎಂದು ನೀವು ಶಂಕಿಸಿದ್ದೀರಿ. ಆ ಹೆಸರಿನ ಪಾಲು ಇಲ್ಲವೆನ್ನಲಾರೆ. ಆದರೆ ಇಟಲಿಯ ಇಂಟರ್ ಮಿಲಾನ್ ಅವರನ್ನು ಕರೆಸಿಕೊಳ್ಳುವ ಮೊದಲೇ ಜಪಾನಿನ ಪ್ರೇಕ್ಷಕರು ಅವರನ್ನು ತಮ್ಮವರೆಂದು ಒಪ್ಪಿಕೊಂಡಿದ್ದರು.

ಎಹಿಮೆ ಪ್ರಾಂತ್ಯದ ಸೈಜೊದಲ್ಲಿ 1986ರಲ್ಲಿ ಹುಟ್ಟಿದ ಈ ಆಟಗಾರರ ಎತ್ತರ 170 ಸೆಂಟಿಮೀಟರ್ ಮಾತ್ರ. ಮೆಯಿಜಿ ವಿಶ್ವವಿದ್ಯಾಲಯದಲ್ಲಿದ್ದಾಗ ಬೆನ್ನಿನ ತೊಂದರೆಯಿಂದ ಅಂಗಳಕ್ಕಿಳಿಯಲಾಗದೆ, ಪ್ರೇಕ್ಷಕರ ಸಾಲಿನಲ್ಲಿ ನಿಂತು ತಂಡಕ್ಕಾಗಿ ಡೋಲು ಬಾರಿಸಿದವರು ಅವರು. ಹುರಿದುಂಬಿಸುವವರ ಕಷ್ಟಸುಖ ಬಲ್ಲವರೊಬ್ಬರು ಆಡುತ್ತಿದ್ದಾರೆ ಎಂಬ ಆಪ್ತಭಾವ ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಕೆಂದು ನನಗನ್ನಿಸುವುದಿಲ್ಲ.

2010ರ ವಿಶ್ವಕಪ್‌ನಲ್ಲಿ, ಬ್ಲೂಮ್‌ಫಾಂಟೇನ್‌ನಲ್ಲಿ ಜಪಾನ್ ಕ್ಯಾಮರೂನ್ ತಂಡವನ್ನು 1–0ರಿಂದ ಸೋಲಿಸಿದಾಗ ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಗೋಲು ಹೊಡೆದ ಹೊಂಡಾ. ಆದರೆ ಆ ಸಂಜೆ ಸ್ಯಾಮುಯೆಲ್ ಎಟೊ ಎಂಬ ಮಹಾನ್ ಆಟಗಾರನ ಬೆನ್ನುಬಿಡದೆ, ಅವರಿಗೆ ತಿರುಗಲೂ ಜಾಗ ಕೊಡದೆ ಕಾದವರು ನಗತೊಮೊ. ಮರುವರ್ಷದ ಜನವರಿ 29ರಂದು, ದೋಹಾದಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ, ಆಸ್ಟ್ರೇಲಿಯಾದ ಆಟಗಾರರು ದಣಿದು ನಿಂತಿದ್ದ ಹೊತ್ತಿನಲ್ಲಿ, ಎಡ ಅಂಚಿನಲ್ಲಿ ಇನ್ನೂ ಓಡುತ್ತಲೇ ಇದ್ದ ಅವರು ಕಳುಹಿಸಿದ ಚೆಂಡನ್ನು ತದನಾರಿ ಲೀ ಗಾಳಿಯಲ್ಲೇ ಒದ್ದು ಗೋಲಾಗಿಸಿದರು. ಕಪ್ ಜಪಾನಿನದಾಯಿತು. ಎರಡೇ ದಿನಗಳಲ್ಲಿ ನಗತೊಮೊ ಚೆಸೆನಾ ಕ್ಲಬ್ಬಿನಿಂದ ಇಂಟರ್‌ಗೆ, ಅಂದರೆ ಅದೇ ಎಟೊ ಅವರ ತಂಡಕ್ಕೆ ಸೇರಿದರು.

ಅಲ್ಲಿ ನಾಯಕ ಹಾವಿಯರ್ ಝನೆಟ್ಟಿಯವರೊಡನೆ ಎದುರುಬದುರು ನಿಂತು ಜಪಾನಿ ರೀತಿಯಲ್ಲಿ ಬಾಗಿ ವಂದಿಸಿದ ದೃಶ್ಯವನ್ನು ನೀವೂ ನೋಡಿರಬಹುದು. ಏಳು ವರ್ಷಗಳ ಆ ವಾಸದಲ್ಲಿ ಅವರು ಟೀಕೆಯನ್ನೂ ಸಾಕಷ್ಟು ಕೇಳಿದರು.

2022ರ ವಿಶ್ವಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ತಾಯ್ನಾಡಿನಲ್ಲೇ, ವಯಸ್ಸಾಯಿತು, ಕಿರಿಯರಿಗೆ ಜಾಗ ಬಿಡಲಿ ಎಂಬ ಮಾತು ಜೋರಾಗಿತ್ತು. 36ನೆಯ ವಯಸ್ಸಿನಲ್ಲಿ, ತಮ್ಮ ನಾಲ್ಕನೆಯ ವಿಶ್ವಕಪ್‌ನಲ್ಲಿ ಕೂದಲಿಗೆ ಕೆಂಪು ಬಣ್ಣ ಹಚ್ಚಿಕೊಂಡಿದ್ದ ಅವರು, ಜರ್ಮನಿಯನ್ನು 2–1ರಿಂದ ಮಣಿಸಿದ ಬಳಿಕ ಕ್ಯಾಮೆರಾಗಳ ಮುಂದೆ ಮತ್ತೆ ಮತ್ತೆ ಕೂಗಿದ್ದು ‘ಬ್ರಾವೋ’ ಎಂಬ ಒಂದೇ ಪದವನ್ನು. ಆ ಜರ್ಮನಿ ಪಂದ್ಯದ ಎರಡೂ ಗೋಲುಗಳನ್ನು ಹೊಡೆದದ್ದು ಅವರು ಅಂಗಳದಿಂದ ಹೊರಬಂದ ಮೇಲೆ, ಬದಲಿಯಾಗಿ ಇಳಿದಿದ್ದ ಕಿರಿಯರು. ಆ ಕಿರಿಯರ ಗೆಲುವಿಗೆ ಅಷ್ಟು ಗಟ್ಟಿಯಾಗಿ ಕೂಗಿದ ನಗತೊಮೊ ಅವರ ಧ್ವನಿಯನ್ನು ಜಪಾನಿನ ಮಕ್ಕಳು ಬೀದಿಗಳಲ್ಲಿ ಅನುಕರಿಸಿದರು.

– ಸಂಪಾದಕ