ಕಪ್ ಹೋದರೂ ಹೋಗಲಿ, ಕ್ಯಾಟಲಾಗ್ ಉಳಿಸಿಕೊಳ್ಳಿ

ಜಮಖಂಡಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮಾವನವರ ಕಾಲದಿಂದ ಮನೆಯಲ್ಲಿ ಮುಧೋಳ ನಾಯಿ ಸಾಕುತ್ತಿದ್ದೇವೆ. ಈಗಲೂ ಎರಡು ನಾಯಿ ಶೋಗೆ ಹೋಗುತ್ತವೆ. ಮನೆಗೆ ಬಂದವರೆಲ್ಲ, ಇವಕ್ಕೆ ಹೊಟ್ಟೆಗೆ ಹಾಕಲ್ವಾ ಅಂತ ಕೇಳುತ್ತಾರೆ. ಮಾವನವರು ಬಿಟ್ಟುಹೋದ ಟ್ರಂಕಿನಲ್ಲಿ ಕಪ್, ರಿಬ್ಬನ್, ಶೋ ಕ್ಯಾಟಲಾಗ್, ಫೋಟೊ, ಅಂಚೆಚೀಟಿ ತುಂಬಿವೆ. ಕಪ್ ಇಟ್ಟುಕೊಂಡು ಕಾಗದ ರದ್ದಿಗೆ ಹಾಕೋಣ ಅಂತಾನೆ ಮಗ. ನೀವೇನು ಹೇಳುತ್ತೀರಿ?"

ಪ್ರಿಯ ಸಹೋದರಿ,

ದಯವಿಟ್ಟು ರದ್ದಿಗೆ ಹಾಕಬೇಡಿ. ಎರಡರಲ್ಲಿ ಒಂದೇ ಉಳಿಯಬೇಕು ಅನ್ನುವುದಾದರೆ ಕಪ್ ಹೋಗಲಿ.

ಕಪ್ಪಿನ ಮೇಲೆ ಏನಿರುತ್ತದೆ? ಬಹುಮಾನದ ಹೆಸರು, ಇಸವಿ, ಅಷ್ಟೇ. ಕ್ಯಾಟಲಾಗಿನಲ್ಲಿ ಆ ದಿನ ರಿಂಗಿಗೆ, ಅಂದರೆ ಸ್ಪರ್ಧೆಯ ಅಂಗಳಕ್ಕೆ, ಇಳಿದ ನಾಯಿಗಳ ಹೆಸರು, ಹುಟ್ಟಿದ ದಿನ, ತಂದೆ, ತಾಯಿ, ಮರಿ ಮಾಡಿಸಿದವರು, ಮಾಲೀಕರು ಎಲ್ಲ ಇರುತ್ತದೆ. ನಿಮ್ಮದು ಮಾತ್ರವಲ್ಲ, ಸೋತ ನಾಯಿಗಳದ್ದೂ. ಯಾವ ಮನೆಯ ಗಂಡು, ಯಾವ ಊರಿನ ಹೆಣ್ಣು ಅಂತ ನಾಳೆ ಯಾರಾದರೂ ಹುಡುಕಿದರೆ ಆ ಪುಟಗಳೇ ಗತಿ. ಮಾವನವರು ಅಂಚಿನಲ್ಲಿ ಪೆನ್ಸಿಲಿನಿಂದ ಏನಾದರೂ ಗುರುತು ಹಾಕಿದ್ದಾರಾ ನೋಡಿ. ಗೆದ್ದವರ ಪಟ್ಟಿ ಬೇರೆಲ್ಲೂ ಸಿಗದೇ ಇರಬಹುದು. ಹುಡುಕುವಾಗ ಕಾರವಾನ್ ಹೌಂಡ್ ಅನ್ನುವ ಹೆಸರಿನ ಕೆಳಗೂ ನೋಡಿ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ ಆ ಹೆಸರಿನಲ್ಲೂ ಈ ನಾಯಿಗಳನ್ನು ದಾಖಲು ಮಾಡಿದೆ.

ಬ್ರಿಟನ್‌ನಲ್ಲಿ ನಾಯಿ ಶೋ, ನಾಯಿಯ ನೆನಪಿನ ವಸ್ತು ಕೂಡಿಡುವ ಹುಚ್ಚಿಗೆ ದೊಡ್ಡ ಇತಿಹಾಸವಿದೆ. ಅಲ್ಲಿನ ಕೆನಲ್ ಕ್ಲಬ್ ಶುರುವಾದದ್ದು 1873ರಲ್ಲಿ, ಕ್ರಫ್ಟ್ಸ್ ಅನ್ನುವ ಹೆಸರಾಂತ ನಾಯಿ ಶೋ 1891ರಲ್ಲಿ. ರಾಯಲ್ ಡೌಲ್ಟನ್ ಕಂಪನಿ ಪಿಂಗಾಣಿ ನಾಯಿಗಳನ್ನು ಮಾಡಿ ಮಾರಿತು. ಸಿಗರೇಟ್ ಪೊಟ್ಟಣಗಳಲ್ಲೂ ತಳಿವಾರು ನಾಯಿ ಚಿತ್ರಗಳು ಬರುತ್ತಿದ್ದವು. ಕಾಕರ್ ಸ್ಪ್ಯಾನಿಯಲ್‌ನಂಥ ಅಲ್ಲಿನ ತಳಿ ಸಾಕಿದವರಿಗೆ ಕಪಾಟು ತುಂಬಿಸುವುದು ಸುಲಭ, ಅಂಗಡಿಗೆ ಹೋದರೆ ಸಾಕು. ಮುಧೋಳ ನಾಯಿಗೆ ಯಾರು ಪಿಂಗಾಣಿ ಗೊಂಬೆ ಮಾಡಿದರು? ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು, 5ನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು. ಅಷ್ಟಾದರೂ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದದ್ದು 2005ರ ಜನವರಿಯಲ್ಲಿ, ರಾಂಪುರ, ರಾಜಪಾಳಯಂ ಮತ್ತು ಹಿಮಾಲಯದ ಕುರಿನಾಯಿಗಳ ಜೊತೆ. ನಮ್ಮ ತಳಿಯ ನೆನಪೆಲ್ಲ ನಿಮ್ಮಂಥ ಮನೆಗಳ ಟ್ರಂಕಿನಲ್ಲೇ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊಟ್ಟೆಗೆ ಹಾಕಲ್ವಾ ಅನ್ನುವವರಿಗೆ ಬೇಸರ ಮಾಡಿಕೊಳ್ಳಬೇಡಿ. ಕಣ್ಣಿಂದ ಬೇಟೆ ಕಂಡು ಓಡುವ ನಾಯಿ ತೆಳ್ಳಗೇ ಇರಬೇಕು. ಸೊಂಟದ ಮೂಳೆ ತುಸು ಕಾಣಬೇಕು, ಹೊಟ್ಟೆ ಮೇಲಕ್ಕೆ ಎತ್ತಿರಬೇಕು. ಬೊಜ್ಜು ಬಂದರೆ ಜಡ್ಜ್ ಮೊದಲು ಅದನ್ನೇ ನೋಡುತ್ತಾರೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಬೇರೆ ಸಾಲು. ಮೊಮ್ಮಗಳು ದಿನಾ ಸಂಜೆ ಮರಿಯ ತುಟಿ ಎತ್ತಿ ಹಲ್ಲು ನೋಡುತ್ತಾಳೆ ಅಂದಿದ್ದೀರಿ. ಮುಧೋಳ ನಾಯಿ ಹೊಸಬರ ಕೈ ಸಹಿಸುವುದಿಲ್ಲ. ರಿಂಗಿನಲ್ಲಿ ಜಡ್ಜ್ ಬಾಯಿ ನೋಡುವಾಗ ಅದು ಸುಮ್ಮನೆ ನಿಲ್ಲಬೇಕಾದರೆ ಮನೆಯಲ್ಲಿ ಇಂಥ ರೂಢಿ ಆಗಿರಲೇಬೇಕು. ಆ ಹುಡುಗಿಯ ಫೋಟೊ ಒಂದು ತೆಗೆದು ಟ್ರಂಕಿಗೆ ಸೇರಿಸಿ.

ಇನ್ನು ಟ್ರಂಕಿನ ಕೆಲಸ. ಮೊದಲು ಫೋಟೊಗಳನ್ನು ಹಿಡಿದು ಮನೆಯ ಹಿರಿಯರ ಪಕ್ಕ ಕೂರಿ. ನಾಯಿಯ ಹೆಸರು, ಹಿಡಿದುಕೊಂಡವರು, ಊರು, ಇಸವಿ ಕೇಳಿ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಬರೆಯಿರಿ. ಇದು ಮಾತ್ರ ನಾಳೆಗೆ ಬೇಡ. ಉಳಿದದ್ದಕ್ಕೆ ಅವಸರವಿಲ್ಲ. ಯಾವುದಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ, ಅಂಚೆಚೀಟಿಗೆ ಅಂಟು ತಾಗಿಸಬೇಡಿ, ರಬ್ಬರ್ ಬ್ಯಾಂಡ್ ತೆಗೆದುಹಾಕಿ. ರಿಬ್ಬನ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಕಪ್ಪಿಗೆ ಬೆಳ್ಳಿ ಲೇಪವಷ್ಟೇ ಇದ್ದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಲೇಪ ಎದ್ದುಹೋಗುತ್ತದೆ.

ಕ್ಯಾಟಲಾಗುಗಳನ್ನು ಮಗನ ಕೈಯಲ್ಲೇ ಸ್ಕ್ಯಾನ್ ಮಾಡಿಸಿ. ಒಂದು ಪ್ರತಿ ಬೇಕಾ ಅಂತ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದವರನ್ನು ಕೇಳಿ ನೋಡಿ. ನಮಗೂ ಕೆಲವು ಪುಟ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಮೂಲ ಪ್ರತಿ ಮಾತ್ರ ಅಂಚೆಗೆ ಹಾಕಬೇಡಿ, ಮೊಬೈಲಿನಲ್ಲಿ ತೆಗೆದ ಚಿತ್ರ ಸಾಕು.

— ಸಂಪಾದಕ