ರಿಲ್ಯಾಕ್ಸ್ ಮಾಡಿಸಿದ ಕೂದಲು: ಗಾಳಿಗೆ ಒಣಗಿಸಿದರೆ ಯಾಕೆ ಇಷ್ಟು ಸಿಕ್ಕು?

ಪ್ರಶ್ನೆ: ನನ್ನದು ತುಂಬಾ ಗುಂಗುರು ಕೂದಲು. ರಿಲ್ಯಾಕ್ಸರ್ ಹಾಕಿಸಿ ನೇರ ಮಾಡಿಸಿಕೊಂಡಿದ್ದೇನೆ. ಬಿಸಿ ತಾಗುವುದು ಬೇಡ ಅಂತ ಡ್ರೈಯರ್ ಬಿಟ್ಟು ಈಗ ಗಾಳಿಗೇ ಒಣಗಿಸುತ್ತೇನೆ. ಆದರೆ ಒಣಗಿದ ಮೇಲೆ ಬಾಚಣಿಗೆ ಇಳಿಯುವುದೇ ಇಲ್ಲ, ಬಲವಂತವಾಗಿ ಬಾಚಿದರೆ ಸಣ್ಣ ಸಣ್ಣ ತುಂಡುಗಳು ಹೆಗಲ ಮೇಲೆ ಬೀಳುತ್ತವೆ. ಗಾಳಿಗೆ ಒಣಗಿಸುವುದೇ ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ತೊಳೆದು ಹಾಗೇ ಬಿಟ್ಟುಬಿಟ್ಟರೆ ಹೀಗೇ ಆಗುವುದು. ಡ್ರೈಯರ್ ಹಿಡಿಯುತ್ತಿದ್ದಾಗ ಇನ್ನೊಂದು ಕೈಯಲ್ಲಿ ಬ್ರಷ್ಷೋ ಬಾಚಣಿಗೆಯೋ ಇರುತ್ತಿತ್ತು ಅಲ್ವಾ? ಒಣಗುತ್ತಾ ಒಣಗುತ್ತಾ ಎಳೆಗಳು ಒಂದೇ ದಿಕ್ಕಿಗೆ ಕೂರುತ್ತಿದ್ದವು. ಈಗ ಆ ಕೆಲಸ ನಿಂತಿದೆ.

ನೀರು ತಾಗಿದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಒದ್ದೆಯಲ್ಲಿ ಎಳೆಗಳು ಹೇಗಿದ್ದವೋ ಒಣಗಿದ ಮೇಲೂ ಹಾಗೇ ಇರುತ್ತವೆ, ಸಿಕ್ಕಾಗಿದ್ದರೆ ಸಿಕ್ಕಾಗಿಯೇ. ನಿಮ್ಮ ಕೂದಲಿಗೆ ಇನ್ನೊಂದು ತೊಂದರೆಯೂ ಇದೆ. ರಿಲ್ಯಾಕ್ಸರ್ ತುಂಬಾ ಪ್ರಬಲವಾದ ಕ್ಷಾರ, ಸಾಮಾನ್ಯವಾಗಿ ಅದರ ಪಿಎಚ್ 12ಕ್ಕಿಂತ ಮೇಲಿರುತ್ತದೆ. ಅದು ಕೂದಲಿಗೆ ಗಟ್ಟಿತನ ಕೊಡುವ ಡೈಸಲ್ಫೈಡ್ ಬಂಧಗಳನ್ನು ಒಡೆದು ಗುಂಗುರು ತೆಗೆಯುತ್ತದೆ, ಜೊತೆಗೆ ಹೊರಗಿನ ಪದರವನ್ನೂ ಒರಟು ಮಾಡುತ್ತದೆ. ಇಂಥ ಕೂದಲು ಬೇಗ ನೀರು ಹೀರುತ್ತದೆ, ಒದ್ದೆಯಲ್ಲಿ ಜಾಸ್ತಿ ಹಿಗ್ಗುತ್ತದೆ, ಸ್ವಲ್ಪ ಎಳೆದರೂ ತುಂಡಾಗುತ್ತದೆ.

ಅಂದರೆ ಕೆಲಸ ಶುರುವಾಗಬೇಕಾದ್ದು ತೊಳೆಯುವಾಗ. ತಲೆಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಶಾಂಪೂ ತಿಕ್ಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅರ್ಧ ಸಿಕ್ಕು ಅಲ್ಲೇ ಆಗುತ್ತದೆ. ಕೂದಲನ್ನು ನಾಲ್ಕು ಭಾಗ ಮಾಡಿ ಸಡಿಲವಾಗಿ ಹೆಣೆದುಕೊಳ್ಳಿ, ಒಂದೊಂದನ್ನೇ ಬಿಚ್ಚಿ ಬುಡಕ್ಕೆ ಮಾತ್ರ ಶಾಂಪೂ ಹಚ್ಚಿ. ತುದಿಗೆ ನೊರೆ ಇಳಿದು ಬಂದರೆ ಅಷ್ಟೇ ಸಾಕು. ಆಮೇಲೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಅದು ಕೂದಲಲ್ಲಿ ಇರುವಾಗಲೇ ಸಿಕ್ಕು ಬಿಡಿಸಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರುಮಾಡಿ ಮೇಲೆ ಮೇಲೆ ಹೋಗಿ. ಬಾಚಣಿಗೆ ನಿಂತಲ್ಲಿ ಎಳೆಯಬೇಡಿ, ಅಲ್ಲಿಗೆ ಇನ್ನೊಂದಿಷ್ಟು ಕಂಡೀಷನರ್ ಹಚ್ಚಿ. ತೊಳೆದಾದ ಮೇಲೆ ಟವೆಲ್‌ನಿಂದ ಗಸಗಸ ಉಜ್ಜುವುದೂ ಬೇಡ. ಹಳೆಯ ಹತ್ತಿ ಟೀ ಶರ್ಟಿನಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ.

ನೀರು ತೊಟ್ಟಿಕ್ಕುವುದು ನಿಂತ ಮೇಲೆ ಲೀವ್-ಇನ್ ಕಂಡೀಷನರ್, ಅಂದರೆ ಹಚ್ಚಿ ತೊಳೆಯದೇ ಹಾಗೇ ಬಿಡುವಂಥದ್ದು, ಹಚ್ಚಿ. ಇದನ್ನು ಮಾತ್ರ ತಪ್ಪಿಸಬೇಡಿ. ಹಾಳಾದ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ, ಕಂಡೀಷನರಿನಲ್ಲಿರುವ ಬೆಹೆಂಟ್ರಿಮೋನಿಯಂ, ಸೆಟ್ರಿಮೋನಿಯಂ ಥರದ ವಸ್ತುಗಳಲ್ಲಿ ಧನ ಅಂಶ. ಹಾಗಾಗಿ ಅವು ಹಾಳಾದ ಜಾಗಕ್ಕೇ ಹೋಗಿ ಅಂಟಿಕೊಳ್ಳುತ್ತವೆ, ಎಳೆ ಎಳೆಗೆ ಉಜ್ಜುವುದು ಕಡಿಮೆಯಾಗುತ್ತದೆ. ಅದರ ಮೇಲೆ ತುದಿಗಳಿಗೆ ಎರಡು ಹನಿ ಸಿಲಿಕೋನ್ ಸೀರಮ್ ಸವರಿ. ಸಿಲಿಕೋನ್ ಅಂದರೆ ವಿಷ ಅನ್ನುವ ಹಾಗೆ ಮಾತಾಡುವವರಿದ್ದಾರೆ, ನನಗೇನೋ ಆ ಭಯ ಅರ್ಥವಾಗಿಲ್ಲ. ರಿಲ್ಯಾಕ್ಸ್ ಆದ ಕೂದಲಿಗೆ ಅದು ಕೊಡುವ ನುಣುಪು ಬೇಕೇ ಬೇಕು.

ಆಮೇಲೆ ಕೂದಲನ್ನು ನಾಲ್ಕೈದು ಸಡಿಲ ಜಡೆ ಹಾಕಿ ಹಾಗೇ ಒಣಗಲು ಬಿಡಿ. ಬುಡ ಉಬ್ಬುತ್ತದೆ ಅನ್ನಿಸಿದರೆ ಬಾಚಿ ಚಪ್ಪಟೆ ಕೂರಿಸಿ, ಸ್ಯಾಟಿನ್ ಸ್ಕಾರ್ಫ್ ಒಂದನ್ನು ತಲೆಯ ಸುತ್ತ ಅರ್ಧ ಗಂಟೆ ಕಟ್ಟಿಕೊಳ್ಳಿ. ಒಣಗಿತಾ ಅಂತ ನಡುನಡುವೆ ಬೆರಳಾಡಿಸುವ ಚಪಲ ಬಹಳ ಜನಕ್ಕಿದೆ, ಅರೆ ಒಣಗಿದ ಕೂದಲಿನಲ್ಲಿ ಅದೇ ಹೊಸ ಗಂಟು ಹಾಕುತ್ತದೆ. ಪೂರ್ತಿ ಒಣಗಿದ ಮೇಲೆಯೇ ಜಡೆ ಬಿಚ್ಚಿ.

ಇನ್ನು ಡ್ರೈಯರ್ ಅಂದರೆ ಶತ್ರು ಅಂದುಕೊಳ್ಳಬೇಡಿ. ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಡ್ರೈಯರ್‌ನ ಬಿಸಿ ಹೆಚ್ಚಿದಷ್ಟೂ ಕೂದಲಿನ ಮೇಲ್ಮೈ ಹಾಳಾಗಿತ್ತು. ಆದರೆ ಒಳಗಿನ ಜೀವಕೋಶಗಳನ್ನು ಅಂಟಿಸಿ ಹಿಡಿಯುವ ಪದರಕ್ಕೆ ಪೆಟ್ಟು ಬಿದ್ದದ್ದು ತಾನಾಗಿ ಒಣಗಿಸಿದ ಕೂದಲಿನಲ್ಲಿ ಮಾತ್ರ. ಹೆಚ್ಚು ಹೊತ್ತು ಒದ್ದೆಯಾಗಿರುವುದೂ ಒಳ್ಳೆಯದಲ್ಲ ಅಂತಾಯಿತು. ನಿಮ್ಮದು ದಟ್ಟ ಕೂದಲಾಗಿ ಗಂಟೆಗಟ್ಟಲೆ ಒಣಗದೇ ಇದ್ದರೆ, ಮುಕ್ಕಾಲು ಪಾಲು ಗಾಳಿಗೆ ಬಿಟ್ಟು ಕೊನೆಗೆ ಡ್ರೈಯರ್‌ನ ತಣ್ಣನೆ ಗಾಳಿಯನ್ನು ಸುಮಾರು 15 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹಿಡಿಯಿರಿ.

ಪ್ರಶ್ನೆ: ನಾನು ಒದ್ದೆ ಕೂದಲನ್ನೇ ಬಿಗಿಯಾಗಿ ತುರುಬು ಕಟ್ಟಿ ಕೆಲಸಕ್ಕೆ ಹೋಗುತ್ತೇನೆ. ಸಿಕ್ಕಂತೂ ಇಲ್ಲ, ಆದರೆ ಹಣೆಯ ಪಕ್ಕ ಕೂದಲು ತೆಳುವಾಗುತ್ತಿದೆ.

ಉತ್ತರ: ಮೊದಲು ಆ ಬಿಗಿ ತುರುಬು ಬಿಡಿ. ಒದ್ದೆಯಲ್ಲಿ ಎಳೆದು ಕಟ್ಟಿದ ಕೂದಲು ಒಣಗುತ್ತಾ ಕುಗ್ಗುತ್ತದೆ, ಎಳೆತ ಇನ್ನೂ ಜಾಸ್ತಿಯಾಗುತ್ತದೆ. ಇದು ದಿನಾ ನಡೆದರೆ ಟ್ರಾಕ್ಷನ್ ಅಲೋಪೀಷಿಯಾ ಬರಬಹುದು, ಅಂದರೆ ಎಳೆತದಿಂದಲೇ ಕೂದಲು ಹೋಗುವುದು. ರಿಲ್ಯಾಕ್ಸ್ ಮಾಡಿಸಿದವರಿಗೆ ಅಪಾಯ ಇನ್ನೂ ಹೆಚ್ಚು. ಶುರುವಿನಲ್ಲೇ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬರದೇ ಇರಬಹುದು, ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ. ಕಟ್ಟಲೇಬೇಕಿದ್ದರೆ ಬಟ್ಟೆ ಸುತ್ತಿದ ಬ್ಯಾಂಡ್‌ನಲ್ಲಿ, ಕುತ್ತಿಗೆಯ ಹತ್ತಿರ, ಸಡಿಲವಾಗಿ ಕಟ್ಟಿ.

ಪ್ರಶ್ನೆ: ರಿಲ್ಯಾಕ್ಸರ್ ಹಾಕಿಸಿ ಮೂರು ತಿಂಗಳಾಯಿತು. ಬುಡದಲ್ಲಿ ಗುಂಗುರು ಬಂದಿದೆ, ಹೊಸದೂ ಹಳೆಯದೂ ಸೇರುವಲ್ಲೇ ಕೂದಲು ಕಡಿಯುತ್ತಿದೆ. ಪೂರ್ತಿ ಇನ್ನೊಮ್ಮೆ ಮಾಡಿಸಲಾ?

ಉತ್ತರ: ಪೂರ್ತಿ ಬೇಡವೇ ಬೇಡ. ಒಮ್ಮೆ ರಿಲ್ಯಾಕ್ಸ್ ಆದ ಭಾಗದ ಮೇಲೆ ಮತ್ತೆ ಅದೇ ರಾಸಾಯನಿಕ ಬಿದ್ದರೆ ಅಲ್ಲೇ ಮುರಿಯುತ್ತದೆ. ಮಾಡಿಸುವುದಾದರೆ ಬುಡದ ಹೊಸ ಕೂದಲಿಗೆ ಮಾತ್ರ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ ನಿಮಗೆ ಮೂರು ಸೆಂಟಿಮೀಟರ್ ಇರಬಹುದು, ಅಷ್ಟೇ. ಅಲ್ಲಿಯವರೆಗೆ ಆ ಜೋಡಣೆಯ ಜಾಗವನ್ನು ಒದ್ದೆಯಲ್ಲಿ ಬೆರಳಿನಿಂದಲೇ ಬಿಡಿಸಿ. ಮೇಲೆ ಹೇಳಿದ ಸ್ಕಾರ್ಫ್ ಉಪಾಯ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಬಾಚಣಿಗೆಯಲ್ಲಿ ಬರುವುದು ಉದುರಿದ ಕೂದಲೋ ತುಂಡಾದದ್ದೋ, ಹೇಗೆ ಗೊತ್ತಾಗುತ್ತದೆ?

ಉತ್ತರ: ತುದಿ ನೋಡಿ. ಒಂದು ಕೊನೆಯಲ್ಲಿ ಸಣ್ಣ ಬಿಳಿ ಗಂಟು ಇದ್ದು ಉದ್ದವಾಗಿದ್ದರೆ ಅದು ಬುಡಸಮೇತ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹಾಗೆ ಹೋಗುವುದು ಸಾಮಾನ್ಯ, ವಾರಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಎಲ್ಲಾ ಅವತ್ತೇ ಬಂದು ಗಾಬರಿಯಾಗುತ್ತದೆ. ಗಿಡ್ಡವಾಗಿದ್ದು ಬಿಳಿ ಗಂಟು ಇಲ್ಲದಿದ್ದರೆ ತುಂಡಾದದ್ದು. ಅದು ಜಾಸ್ತಿ ಕಂಡರೆ ಸೀಳಿದ ತುದಿಗಳನ್ನು ಕತ್ತರಿಸಿಬಿಡಿ. ಅವು ಒಂದಕ್ಕೊಂದು ತೊಡರಿಕೊಳ್ಳುವುದನ್ನು ಯಾವ ಸೀರಮ್ಮೂ ತಡೆಯುವುದಿಲ್ಲ.