ಬೂಷ್ಟು ಹಿಡಿದ ಮ್ಯಾಟು, ಮೊಟ್ಟೆಯಾದ ಹೂಪು

ಜೂನ್‌ನಲ್ಲಿ ಸುತ್ತಿ ಬೀರುವಿನಲ್ಲಿಟ್ಟ ಯೋಗ ಮ್ಯಾಟನ್ನು ಈಗ ತೆಗೆದರೆ ಬಿಳಿ ಚುಕ್ಕೆ, ಮುಗ್ಗು ವಾಸನೆ. ಮೊಳೆಗೆ ನೇತುಹಾಕಿದ ಹೂಲಾ ಹೂಪ್, ಅದೇ ಸೊಂಟಕ್ಕೆ ಹಾಕಿ ತಿರುಗಿಸುವ ಬಳೆ, ಮೊಟ್ಟೆಯಾಕಾರ, ಜಾರದಿರಲಿ ಅಂತ ಸುತ್ತಿದ ಟೇಪು ಅಂಟಂಟು. ಎಲ್ಲಕ್ಕೂ ವಿನೆಗರ್ ಹಾಕಿ ಉಜ್ಜಿ ಬಿಸಿಲಿಗೆ ಹಾಕಿಬಿಡಲಾ ಅಂತ ಕೇಳಿದ್ದೀರಿ. ಬೇಡ, ಸ್ವಲ್ಪ ತಡೆಯಿರಿ. ಮಡಿಕೇರಿ ಮಳೆಗಿಂತ ಮಳೆ ನಿಂತ ಮೇಲೆ ನಾವು ಮಾಡುವ ಆತುರದ ಕ್ಲೀನಿಂಗೇ ಮ್ಯಾಟಿಗೆ ಜಾಸ್ತಿ ಹಾನಿ.

ನಾನಿದನ್ನು ದುಡ್ಡು ಕಳೆದುಕೊಂಡು ಕಲಿತೆ. ಒಂದು ವರ್ಷ ಬಿಸಿಲು ಬಿದ್ದದ್ದೇ ತಡ, ಒಳ್ಳೆಯ ರಬ್ಬರ್ ಮ್ಯಾಟನ್ನು ತೊಳೆದು ಕಾಫಿ ಕಣದ ಸಿಮೆಂಟಿನ ಮೇಲೆ ಹಾಸಿದೆ, ಆಮೇಲೆ ತೋಟದ ಕೆಲಸದಲ್ಲಿ ಮೂರು ದಿನ ಅದನ್ನು ಮರೆತೇಬಿಟ್ಟೆ. ಸುತ್ತಲು ಹೋದರೆ ಮೇಲಿನ ಪದರ ಹಪ್ಪಳದ ಹಾಗೆ ಬಿರಿದಿತ್ತು. ಕೈಗೆಲ್ಲ ಕಪ್ಪು ಪುಡಿ. ರಬ್ಬರಿಗೆ ನೇರ ಬಿಸಿಲು ಆಗುವುದಿಲ್ಲ.

ಹಾಗಾಗಿ ಮೊದಲು ನಿಮ್ಮ ಮ್ಯಾಟ್ ಯಾವುದರದ್ದು ನೋಡಿ. ಎತ್ತಿದರೆ ಭಾರ, ಟಯರ್ ವಾಸನೆ ಇದ್ದರೆ ರಬ್ಬರ್. ಹಗುರವಾಗಿ, ಬೆರಳಲ್ಲಿ ಉಜ್ಜಿದರೆ ಕೀಚ್ ಅಂದರೆ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಇನ್ನೊಂದು ಪರೀಕ್ಷೆ: ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ಹನಿ ಕೆಸುವಿನೆಲೆ ಮೇಲೆ ನಿಂತ ಹಾಗೆ ನಿಂತರೆ ನೀರು ಒಳಗೆ ಇಳಿಯುವುದಿಲ್ಲ. ಹನಿ ಮಾಯವಾಗಿ ಅಲ್ಲಿ ಕಪ್ಪಗಾದರೆ ಅದು ಬೆವರನ್ನೂ ಹಾಗೇ ಕುಡಿದಿದೆ ಅಂತ ಅರ್ಥ. ಅಂಥದ್ದನ್ನು ಯಾವತ್ತೂ ನೆನೆಹಾಕಬೇಡಿ.

ಇನ್ನು ಬೂಷ್ಟು. ಮನೆಯೊಳಗೆ ಕೊಡವಬೇಡಿ. ಜಗಲಿಗೆ ತನ್ನಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒಣ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ, ಆ ಬಟ್ಟೆ ಬಿಸಾಕಿ. ಆಮೇಲೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ, ಸಾಕು. ಹಿಂಡಿದ ಬಟ್ಟೆಯಲ್ಲಿ ಎರಡೂ ಬದಿ ಒರೆಸಿ, ಮತ್ತೆ ಬರೀ ನೀರಲ್ಲಿ ಎರಡು ಸಲ. ಸೋಪು ಉಳಿದರೆ ಅಧೋಮುಖ ಶ್ವಾನಾಸನದಲ್ಲಿ ಕೈ ಜಾರುತ್ತದೆ, ಮೂಗು ನೆಲಕ್ಕೆ. ಈಗ ದೊಡ್ಡ ಒಣ ಟವೆಲ್ ಹಾಸಿ, ಮೇಲೆ ಮ್ಯಾಟ್ ಹಾಕಿ, ಎರಡನ್ನೂ ಒಟ್ಟಿಗೆ ಸುತ್ತಿ ಅದರ ಮೇಲೆ ನಡೆದಾಡಿ. ಎಷ್ಟು ನೀರು ಬರುತ್ತದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ. ಬಟ್ಟೆ ಒಣಗಿಸುವ ತಂತಿ ಮೇಲೆ ಹಾಕಿದರೆ ಮಡಿಕೆ ಬೀಳುತ್ತದೆ, ದಪ್ಪ ಬಿದಿರಿನ ಮೇಲೆ ಹಾಕಿ. ನೆರಳು, ಗಾಳಿ, ಎರಡು ದಿನ.

ವಿನೆಗರ್ ನೀರು ಬೆರೆಸಿದ್ದು ಪಿವಿಸಿಗೆ ನಡೆಯುತ್ತದೆ, ರಬ್ಬರಿಗೆ ಬೇಡ. ನೀಲಗಿರಿ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ ಸಿಂಪಡಿಸಿ ಘಮ್ ಅನಿಸುವವರಿದ್ದಾರೆ, ರಬ್ಬರು ಆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಪೂರ್ತಿ ಒಣಗಿದ ಮೇಲೂ ಮುಗ್ಗು ವಾಸನೆ ತಿರುಗಿ ಬಂದರೆ ಬೂಷ್ಟು ಒಳಗೆ ಇಳಿದಿದೆ. ಆಗ ಆಸೆ ಬಿಡಿ. ಮಕರಾಸನದಲ್ಲಿ ಮುಖ ಇಡುವುದು ಅದರ ಮೇಲೇ ಅಲ್ವಾ?

ಹೂಪ್ ಕಥೆ ಬೇರೆ. ನನ್ನದು ತೋಟದ ನೀರಿನ ಕಪ್ಪು ಪೈಪಿನ ತುಂಡು ಉಳಿದಿತ್ತಲ್ಲ, ಅದರಲ್ಲೇ ಮಾಡಿದ್ದು. ಮೊದಲು ಜಾಯಿಂಟ್ ಬಿಚ್ಚಿ ಅಲ್ಲಾಡಿಸಿ. ಹೋದ ವರ್ಷ ತಿರುಗಿಸುವಾಗ ಒಳಗೆ ಸರಸರ ಸದ್ದು ಬರುತ್ತಿತ್ತು. ಬಿಚ್ಚಿದರೆ ಒಂದು ಚಮಚ ನೀರು, ಅದರ ಹಿಂದೆ ಸತ್ತ ಇರುವೆ, ಮೊಟ್ಟೆ, ಮಣ್ಣು, ಇಡೀ ಸಂಸಾರ. ಜಾಯಿಂಟ್ ಬಿಗಿಯಾಗಿ ಬರಲೊಲ್ಲದಿದ್ದರೆ ತುದಿಯನ್ನು ಬಿಸಿನೀರಲ್ಲಿ ಎರಡು ನಿಮಿಷ ಇಡಿ, ಬೆಂಕಿ ಹತ್ತಿರ ಬೇಡವೇ ಬೇಡ.

ಹಳೆ ಟೇಪನ್ನು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ನಿಧಾನಕ್ಕೆ ಎಳೆಯಿರಿ. ಉಳಿದ ಗಮ್ಮಿಗೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಒರೆಸಿ. ಆಮೇಲೆ ಸೋಪು ನೀರಲ್ಲಿ ಎಣ್ಣೆ ಪೂರ್ತಿ ತೆಗೆಯಲೇಬೇಕು. ಇಲ್ಲದಿದ್ದರೆ ಹೊಸ ಟೇಪು ಕೂರುವುದಿಲ್ಲ, ಹೂಪು ಕೈಯಿಂದ ಹಾರಿ ಟಿವಿಗೆ ಬೀಳುತ್ತದೆ.

ಮೊಟ್ಟೆಯಾಕಾರಕ್ಕೆ ಮಾತ್ರ ಬಿಸಿಲು ಬೇಕು. ಕಣದಲ್ಲಿ ಅರ್ಧ ಗಂಟೆ ಇಟ್ಟರೆ ಪೈಪು ಸ್ವಲ್ಪ ಮೆತ್ತಗಾಗುತ್ತದೆ. ಒಳಗೆ ತಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಹಾಕಿ, ಅದರ ಮೇಲೆ ಹೂಪು ಕೂರಿಸಿ, ಒಳಗೂ ಹೊರಗೂ ಇಟ್ಟಿಗೆ ಒತ್ತಿ ರಾತ್ರಿಯಿಡೀ ಬಿಡಿ. ಒಂದೇ ಸಲಕ್ಕೆ ಸರಿಯಾಗದು, ಎರಡು ಮೂರು ಸಲ ಬೇಕಾಗಬಹುದು. ಎಲ್ಲಾದರೂ ಮಡಿಚಿ ಬೆಳ್ಳಗೆ ಗೆರೆ ಬಿದ್ದಿದ್ದರೆ ಅಲ್ಲಿ ಮುಂದೆ ಸೀಳುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಇನ್ನು ಮೇಲೆ ಒಂದೇ ಮೊಳೆಗೆ ನೇತುಹಾಕಬೇಡಿ, ಮಂಚದ ಕೆಳಗೆ ಚಪ್ಪಟೆಯಾಗಿ ಮಲಗಿಸಿ. ಲೈಟ್ ಇರುವ ಹೂಪಾದರೆ ಬ್ಯಾಟರಿ ತೆಗೆದಿಡಿ.

ಉಳಿದದ್ದು ಸಣ್ಣದು. ಆಸನಕ್ಕೆ ಆಸರೆಯಾಗಿಡುವ ಕಾರ್ಕ್ ಬ್ಲಾಕ್ ಒರೆಸಿ ಅಷ್ಟೇ, ನೆನೆಸಬೇಡಿ. ಯೋಗ ಬೆಲ್ಟಿನ ಕಬ್ಬಿಣದ ಬಳೆಗೆ ತುಕ್ಕು ಬಂದಿದ್ದರೆ ನಿಂಬೆಹಣ್ಣು, ಉಪ್ಪು. ಹತ್ತಿ ದಿಂಬಿಗೆ ಮಾತ್ರ ಬಿಸಿಲು ಎಷ್ಟು ಕೊಟ್ಟರೂ ಒಳ್ಳೆಯದೇ, ಕೋಲಲ್ಲಿ ಬಡಿಯಿರಿ.

ಮುಂದಿನ ಮಳೆಗಾಲಕ್ಕೆ: ಅಭ್ಯಾಸ ಮುಗಿದ ಕೂಡಲೇ ಮ್ಯಾಟ್ ಸುತ್ತಬೇಡಿ. ಕುರ್ಚಿಯ ಮೇಲೆ ಬಿಚ್ಚಿಯೇ ಬಿಡಿ, ತಣ್ಣನೆ ಗೋಡೆಗೆ ತಾಗದಿರಲಿ. ಕುಶಾಲನಗರದವರಿಗೆ ಮಳೆ ಕಡಿಮೆ, ಈ ಗೋಳು ಅಷ್ಟಿಲ್ಲ. ಮಡಿಕೇರಿ, ಭಾಗಮಂಡಲ ಕಡೆಯವರಿಗೆ ಬೀರು ಅಂದರೆ ಬೂಷ್ಟಿನ ಮನೆಯೇ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ನಾನೊಮ್ಮೆ ಅಲ್ಲಿಟ್ಟೆ. ಬೂಷ್ಟೇನೋ ಬರಲಿಲ್ಲ, ಆದರೆ ಒಂದು ತಿಂಗಳು ಶವಾಸನದಲ್ಲಿ ಮಲಗಿದಾಗಲೆಲ್ಲ ಹೊಗೆಗೆ ಕಟ್ಟಿದ ಹಂದಿ ಮಾಂಸದ ನೆನಪು.

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿಗೆ ಕೋವಿ ಒರೆಸುವಾಗಲೇ ನಾನು ಹೂಪೂ ಒರೆಸುತ್ತೇನೆ, ಮನೆಯಲ್ಲಿ ನಗುತ್ತಾರೆ. ಮ್ಯಾಟಿಗೆ ಮಾತ್ರ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿನವರೆಗೆ ಕಾಯುತ್ತೇನೆ. ನೀವೂ ಈ ವಾರ ಮಾಡಿ ಮುಗಿಸಿ, ಕಾಫಿ ಕೊಯ್ಲು ಶುರುವಾದರೆ ಕಣದಲ್ಲಿ ಜಾಗ ಎಲ್ಲಿ? ಹನಿ ನೀರಿನ ಪರೀಕ್ಷೆ ಮಾಡಿ ಏನಾಯಿತು ಬರೆಯಿರಿ, ಹೂಪಿಗೆ ಹೊಸ ಟೇಪು ಯಾವುದು ಅಂತ ಆಮೇಲೆ ಹೇಳುತ್ತೇನೆ.